ಔಷಧಿ ಬಿದ್ದ ಸೈಟು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಬೈಯುತ್ತಿದ್ದಳು. ಎಂಬತ್ತರ ದಶಕದ ನಡುವಿನ ಆ ಬೇಸಿಗೆಯಲ್ಲಿ ಕೋಪಕ್ಕಿಂತ ಮೊದಲು ಮೂಗಿಗೆ ಬಡಿದದ್ದು ವಾಸನೆ. ಕಡೂರಿನಲ್ಲಿ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮನೆ ಕಟ್ಟಲು ಸೈಟು ಕೊಂಡಿದ್ದರು. ಭೂಮಿಪೂಜೆಗೆಂದು ಅಜ್ಜಂಪುರದಿಂದ ಅಪ್ಪ ಅಮ್ಮ, ಕೆಲಸದಲ್ಲಿದ್ದ ತರೀಕೆರೆಯಿಂದ ನಾನು ಬಂದಿದ್ದೆವು. ಪೂಜೆ ಮುಗಿದು ಕೋಸಂಬರಿ ಹಂಚುವಾಗ ಮಣ್ಣಿನಿಂದ ಒಂದು ಮುಗ್ಗಲು ಘಾಟು ಎದ್ದಿತು. ಯಾರೋ ಚೆಲ್ಲಿದ ಪಾನಕ ನೆಲದ ಮೇಲೆ ಅಂಟಂಟಾಗಿ ಒಣಗುತ್ತಿತ್ತು. ಒಂದೇ ಒಂದು ಇರುವೆ ಅದರ ಹತ್ತಿರ ಸುಳಿಯಲಿಲ್ಲ.

"ಭಾವ, ಇಲ್ಲಿ ಮುಂಚೆ ಏನಿತ್ತು?" ಎಂದೆ.

"ಗೊಬ್ಬರ, ಔಷಧಿ ಮಾರೋನ ಗೋಡೌನಿತ್ತು ಕಣಮ್ಮ. ಮಳೇಲಿ ಗೋಡೆ ಬಿದ್ದು, ಹುಳಕ್ಕೆ ಹೊಡೆಯೋ ಬಿಎಚ್‌ಸಿ ಪುಡಿ ಮೂಟೆಗಳೆಲ್ಲ ನೆಂದ್ಹೋದ್ವಂತೆ. ಇಲ್ಲೇ ಗುಂಡಿ ತೋಡಿ ಮುಚ್ಚಿ, ಊರೇ ಬಿಟ್ಟು ಹೋದ."

"ಅಯ್ಯೋ, ಅದು ವಿಷ ಅಲ್ವಾ!"

"ಎಂಥಾ ವಿಷ? ಔಷಧಿ ಕಣಮ್ಮ. ಒಳ್ಳೇದೇ ಆಯ್ತು ಬಿಡು, ಜನ್ಮದಲ್ಲಿ ಗೆದ್ದಲು ಹಿಡಿಯಲ್ಲ."

ವಿಷವನ್ನು ಔಷಧಿ ಎಂದು ಮೊದಲು ಕರೆದವನು ಯಾರೋ, ಕೈಗೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ. ಮಗುವಿನ ಕೆಮ್ಮಿಗೂ ಔಷಧಿ, ಹುಳ ಕೊಲ್ಲುವ ಪುಡಿಗೂ ಔಷಧಿ. ಅದನ್ನು ಕುಡಿದು ಯಾರಾದರೂ ಸತ್ತರೂ ನಮ್ಮ ಜನ "ಔಷಧಿ ಕುಡಿದುಬಿಟ್ಟ" ಎಂದೇ ಅಳುತ್ತಾರೆ. ಔಷಧಿ ಎಂದಮೇಲೆ ಅದಕ್ಕೆ ಹೆದರುವವರಾದರೂ ಯಾರು?

ಅಕ್ಕನಿಗೆ ಆಗ ಐದು ತಿಂಗಳು. ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಅಜ್ಜಂಪುರದಲ್ಲಿ ಬಾಣಂತನ ಮುಗಿಸಿ, ಕೂಸನ್ನು ಎತ್ತಿಕೊಂಡು ನೇರವಾಗಿ ಹೊಸ ಮನೆಗೇ ಬರಬೇಕೆಂಬುದು ಭಾವನ ಹಟ. ಅವರ ಬಾಡಿಗೆ ಮನೆ ಅದೇ ಬೀದಿಯಲ್ಲಿತ್ತು. ಅಕ್ಕ ದಿನವೂ ಸೈಟಿಗೆ ಬಂದು, ಚಪ್ಪಲಿ ಆಚೆ ಬಿಟ್ಟು, ಆ ಮಣ್ಣಿನ ಮೇಲೇ ಕೂತು ನೆಲ ಸಮ ಮಾಡುವ ಕೆಲಸ ನೋಡುತ್ತಿದ್ದಳು. ಪುಡಿ ಹೊಟ್ಟೆಯೊಳಗಿನ ಕೂಸಿಗೆ ಏನು ಮಾಡುತ್ತದೆಂದು ನನಗೂ ಖಚಿತವಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ನನ್ನನ್ನು ತಿನ್ನುತ್ತಿತ್ತು.

ಸೈಟಿನ ಮಣ್ಣನ್ನು ಬಟ್ಟೆಚೀಲಕ್ಕೆ ತುಂಬಿಕೊಂಡು ತರೀಕೆರೆ ಬಸ್ಸು ಹತ್ತಿದೆ. ನಾನಿದ್ದದ್ದು ಒಂದು ಸಣ್ಣ ಮಣ್ಣು ಪರೀಕ್ಷೆ ಲ್ಯಾಬಿನಲ್ಲಿ. ಲಿಂಗದಹಳ್ಳಿ ಕಡೆಯ ತೋಟಕ್ಕೆ ಎಷ್ಟು ಪೊಟ್ಯಾಷ್ ಬೇಕು, ಗದ್ದೆಗೆ ಎಷ್ಟು ಯೂರಿಯಾ ಬೇಕು ಎಂದು ಹೇಳುವುದಷ್ಟೇ ನಮ್ಮ ಕಸುಬು. ನಮ್ಮ ಮೇಲಧಿಕಾರಿ ಮಣ್ಣನ್ನು ಮೂಸಿ, ಮುಖ ಸಿಂಡರಿಸಿ, ಚೀಲ ವಾಪಸ್ ಕೊಟ್ಟರು.

"ಮಣ್ಣಿಗೆ ಏನು ಹಾಕ್ಬೇಕು ಅಂತ ಹೇಳ್ಬಹುದಮ್ಮ. ಏನು ತೆಗೀಬೇಕು ಅಂತ ಹೇಳೋ ಯಂತ್ರ ನಮ್ಮತ್ರ ಇಲ್ಲ."

ಹೊರದೇಶಗಳಲ್ಲಿ ಇತ್ತು. ಹಿಂದೊಮ್ಮೆ ತರಬೇತಿಯಲ್ಲಿ, ವಿದೇಶ ಸುತ್ತಿ ಬಂದ ಅಧಿಕಾರಿಯೊಬ್ಬರು ಸ್ಲೈಡು ಹಾಕಿ ತೋರಿಸಿದ್ದರು. ಅಮೆರಿಕಾದಲ್ಲಿ ವಿಷದ ಗುಂಡಿಯ ಮೇಲೆ ಕಟ್ಟಿದ ಬಡಾವಣೆಯನ್ನೇ ಖಾಲಿ ಮಾಡಿಸಿದರಂತೆ, ವಿಷ ಹೂತವನು ಯಾರೆಂದು ಹುಡುಕಿ ಅವನಿಂದಲೇ ಖರ್ಚು ವಸೂಲಿಯಂತೆ. ಹಾಲೆಂಡಿನಲ್ಲಿ ಮನೆಗಳ ಕೆಳಗಿನ ಮಣ್ಣನ್ನೇ ಬಗೆದು ಸಾಗಿಸಿದರಂತೆ. ಇಂಗ್ಲೆಂಡಿನವರು ಇನ್ನೂ ಜಾಣರು, "ಇಲ್ಲಿ ಏನು ಕಟ್ತೀರಿ?" ಎಂದು ಮೊದಲು ಕೇಳುತ್ತಾರಂತೆ. ಲಾರಿ ನಿಲ್ಲಿಸುವ ಜಾಗಕ್ಕೆ ಒಂದು ಅಳತೆ, ಮಕ್ಕಳು ಆಡುವ ಅಂಗಳಕ್ಕೆ ಇನ್ನೊಂದು. "ನಮ್ಮ ದೇಶದಲ್ಲಿ ಸಾರ್?" ಎಂದು ನಾನು ಕೇಳಿದ್ದೆ. ಅಷ್ಟರಲ್ಲಿ ಕಾಫಿ ಬಂತು.

ಆ ವಾರವೆಲ್ಲ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಊಟಕ್ಕೆ ಕೂತರೆ ಕೈಯಲ್ಲಿ ಅದೇ ಘಾಟು. ಸೋಪು ಹಾಕಿ ತಿಕ್ಕಿದೆ, ಹುಣಸೆಹಣ್ಣು ಹಾಕಿ ತಿಕ್ಕಿದೆ, ಹೋಗಲಿಲ್ಲ. ಭಾವನಿಗೆ ಹಾಲೆಂಡಿನ ಕತೆ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ. ಹಾಗಾದರೆ ನಮ್ಮ ಜನ ಮಣ್ಣಿನಲ್ಲಿ ಯಾವುದಕ್ಕೆ ಹೆದರುತ್ತಾರೆ ಎಂದು ಯೋಚಿಸಿದೆ. ತಟ್ಟನೆ ಹೊಳೆಯಿತು. ಮೂಳೆಗೆ! ಮನೆ ಕಟ್ಟುವ ಜಾಗದಲ್ಲಿ ಮೂಳೆ ಸಿಕ್ಕರೆ ಮುಗಿಯಿತು. ಆಳುದ್ದ ಮಣ್ಣು ತೆಗೆದು ಹೊಸ ಮಣ್ಣು ತುಂಬದೆ ಯಾರೂ ಪಾಯ ಹಾಕುವುದಿಲ್ಲ.

ಭಾನುವಾರ ಕಡೂರಿಗೆ ಓಡಿದೆ.

"ಭಾವ, ಅವತ್ತು ಮಣ್ಣು ಕೆದಕುವಾಗ ಒಂದು ಮೂಳೆ ಚೂರು ಬಂತು. ಪೂಜೆ ದಿನ ಹೆಂಗೆ ಹೇಳೋದು ಅಂತ ಸುಮ್ನಿದ್ದೆ."

ಭಾವನ ಮುಖ ಇಳಿದುಹೋಯಿತು. "ದನದ್ದೋ, ಮನುಷ್ಯರದ್ದೋ?"

"ಅದನ್ನ ಹೇಳೋ ಯಂತ್ರಾನೂ ನಮ್ಮತ್ರ ಇಲ್ಲ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಹೇಳಿದ್ದು ಒಂದೇ, ಅದೂ ಒಂದು ಕೂಸಿಗಾಗಿ. ಸಂಜೆಯೊಳಗೆ ಮಠದ ಅಯ್ಯನವರ ಅಪ್ಪಣೆಯಾಯಿತು: ಆಳುದ್ದ ಮಣ್ಣು ತೆಗೆಸಿ, ಊರಾಚೆ ಹಾಕಿಸಿ. ಯಾವ ಸರ್ಕಾರವೂ ಅಷ್ಟು ಬೇಗ ಹುಕುಂ ಹೊರಡಿಸಲಾರದು.

ಅಗೆಯುವ ದಿನ ನಾನೂ ರಜೆ ಹಾಕಿ ಹೋದೆ. ಸೊಂಟದ ಮಟ್ಟಕ್ಕೆ ಇಳಿಯುವಷ್ಟರಲ್ಲಿ ಬಿಳಿ ಹೆಂಟೆಗಳು ಬಂದವು, ಘಾಟಿಗೆ ಕಣ್ಣು ಉರಿಯಿತು. ಮಣ್ಣು ಹೊರುತ್ತಿದ್ದ ಹೆಂಗಸೊಬ್ಬಳು ಒಂದು ಹೆಂಟೆಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು.

"ಏಯ್, ಬಿಸಾಕು ಅದನ್ನ!" ಎಂದು ಕಿರುಚಿದೆ.

"ಮಗೀಗೆ ಹೇನು ಕಣ್ರವ್ವ. ಒಂಚೂರು ತಲೆಗೆ ಹಚ್ಚಾನ ಅಂತ."

ನನಗೆ ಸಿಟ್ಟು ನೆತ್ತಿಗೇರಿತು. ಸೆರಗು ಬಿಚ್ಚಿಸಿ ಕೊಡವಿಸಿದೆ. "ಇವ್ರಿಗೇನ್ ಹುಚ್ಚಾ?" ಎಂದು ಅವಳು ಗೊಣಗಿಕೊಂಡೇ ಬುಟ್ಟಿ ಎತ್ತಿದಳು. ಗಾಡಿಯ ಮೇಲೆ ಗಾಡಿ ಹೊರಟವು. ಗುಂಡಿಗೆ ಕೆರೆಯ ಮಣ್ಣು ಬಿತ್ತು. ಅಕ್ಕ ಗುಂಡಿಯ ಅಂಚಿನಲ್ಲಿ ನಿಂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ಮೂಳೆಯ ಗುಟ್ಟನ್ನು ಅವಳಿಗೊಬ್ಬಳಿಗೆ ಮಾತ್ರ ಹೇಳಿದ್ದೆ. ನನಗೆ ಎಷ್ಟು ಸಂತೋಷವಾಯಿತೆಂದರೆ, ತರೀಕೆರೆಗೆ ಹೋಗುವಾಗ ಬಸ್ಸಿನಲ್ಲಿ ಯಾರೋ ಕಾಲು ತುಳಿದರೂ ಬೈಯಲಿಲ್ಲ.

ಮಳೆಗಾಲ ಶುರುವಾದ ಮೇಲೆ ಅಕ್ಕನನ್ನು ಹೆರಿಗೆಗೆ ಅಜ್ಜಂಪುರಕ್ಕೆ ಕರೆದೊಯ್ಯಲು ಮತ್ತೆ ಹೋದೆ. ಅವಳು ನೀರಿಗೆ ಹೊರಟಿದ್ದಳು. ಬಿಂದಿಗೆ ಕೊಡು ಎಂದರೆ ಕೊಡಲಿಲ್ಲ, ಇಬ್ಬರೂ ಬೀದಿ ನಲ್ಲಿಗೆ ಹೋದೆವು. ಹತ್ತಿರ ಬರುತ್ತಲೇ ನನ್ನ ಕಾಲು ನಿಂತಿತು. ನೆಂದ ಮಣ್ಣಿನಿಂದ ಅದೇ ಘಾಟು.

ಬಿಂದಿಗೆ ಪಾಳಿಗೆ ನಿಂತಿದ್ದ ಹೆಂಗಸರನ್ನು, "ಇಲ್ಲಿ ಮಣ್ಣು ಹಾಕ್ಸಿದ್ದು ಯಾರು?" ಎಂದು ಕೇಳಿದೆ.

"ನಾವೇ ಕಣಮ್ಮ," ಎಂದಳು ಅವರಲ್ಲಿ ಹಿರಿಯಳು. "ಮಂಡಿಯುದ್ದ ಕೆಸರು ಇತ್ತು, ಜಾರಿ ಬೀಳ್ತಿದ್ವಿ. ನಿಮ್ ಸೈಟಿನ ಮಣ್ಣು ಹೊತ್ಕೊಂಡು ಹೋಗ್ತಿದ್ದ ಗಾಡಿಯೋನ್ನ ನಿಲ್ಸಿ, ಪುಣ್ಯ ಬತ್ತದೆ ಇಲ್ಲೇ ಸುರಿಯಪ್ಪಾ ಅಂದ್ವಿ. ಮೂಳೆ ದೋಷ ಮನೆಗೆ, ಬೀದಿಗೇನು? ಔಷಧಿ ಮಣ್ಣು, ಇವಾಗ ನೋಡು, ಒಂದು ಸೊಳ್ಳೆ ಇಲ್ಲ."

ಅಕ್ಕನ ಕೈಯಿಂದ ಬಿಂದಿಗೆ ಜಾರಿ ಮಣ್ಣಿಗೆ ಬಿತ್ತು. ಇಷ್ಟು ದಿನ, ದಿನಕ್ಕೆ ನಾಲ್ಕಾರು ಸಲ, ಅವಳು ಅದನ್ನೇ ತುಳಿದುಕೊಂಡು ನೀರು ಹೊತ್ತಿದ್ದಳು. ಅವಳ ಜೊತೆ ಸೊಂಟದಲ್ಲಿ ಕೂಸು ಏರಿಸಿಕೊಂಡವರು, ಅವಳ ಹಾಗೇ ಬಸುರಿಯರು.

"ಅದು ಔಷಧಿ ಅಲ್ರಮ್ಮ, ವಿಷ," ಎಂದಳು ಅಕ್ಕ. ಅವಳ ಬಾಯಲ್ಲಿ ಆ ಮಾತನ್ನು ನಾನು ಅದೇ ಮೊದಲು ಕೇಳಿದ್ದು. "ಮೂಳೆಗೀಳೆ ಎಲ್ಲ ಸುಳ್ಳು. ಬರೀ ವಿಷ. ತುಳೀಬೇಡಿ, ಮಕ್ಕಳನ್ನ ಇಳಿಸ್ಬೇಡಿ."

ನಲ್ಲಿಯ ಕೆಳಗಿದ್ದ ಕೊಡ ತುಂಬಿ ಹರಿಯುತ್ತಿತ್ತು, ಯಾರೂ ತೆಗೆಯಲಿಲ್ಲ.

"ವಾಪಸ್ ತೆಗೆಸ್ತೀವಿ," ಅಕ್ಕ ಅಳುತ್ತಲೇ ಹೇಳಿದಳು. "ಇವತ್ತೇ ಗಾಡಿ ಕರೆಸ್ತೀವಿ ಕಣ್ರಮ್ಮ."

"ಕರೆಸಿ ಎಲ್ಲಿಗೆ ಹಾಕ್ಸ್ತೀಯವ್ವ?" ಎಂದಳು ಆ ಹಿರಿಯಳು.

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ತಿಳಿಯಬೇಕೆಂದೇ ಕೇಳಿದಳು. ಅಕ್ಕ ನನ್ನ ಕಡೆ ತಿರುಗಿದಳು. ಮಣ್ಣಿನ ಕೆಲಸದವಳು ನಾನೇ ತಾನೆ ಎಂದು, ಪಾಳಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.