ಅಲ್ಲಾಡದ ಹಳದಿ ಫ್ರಾಕು

“ಅಮ್ಮಾ, ಗರಗಸದ ತಾತ ಯಾಕೆ ಮಿಷನ್ನಿಗೆ ಮುತ್ತು ಕೊಡ್ತಿದ್ದಾರೆ?”

ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಮಗಳು ಹೀಗೆ ಕೇಳಿದಾಗ ನಾನು ಬಟ್ಟೆ ಹಿಂಡುತ್ತಿದ್ದೆ. ತಿರುಗಿ ನೋಡಿದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮ ಹಿತ್ತಲಿಗೆ ಅಂಟಿಕೊಂಡಿರುವ ಶೆಡ್ಡಿನ ಮುಂದೆ ಅವರು ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತುದಿಯನ್ನು ಓಡುತ್ತಿದ್ದ ಗರಗಸದ ಮೈಗೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದರು.

“ಮುತ್ತಲ್ಲ ಪುಟ್ಟಿ, ಹಲ್ಲಿನಲ್ಲಿ ಕೇಳಿಸ್ಕೊಳ್ತಿದ್ದಾರೆ.”

“ಕಿವಿ ಏನಾಯ್ತು?”

ಕಿವಿಗೆ ವಯಸ್ಸಾಯ್ತು ಎಂದು ಹೇಳಿ ಬಕೆಟ್ ಎತ್ತಿಕೊಂಡೆ. ಅದು ಪೂರ್ತಿ ಉತ್ತರವಲ್ಲ. ಉಳಿದದ್ದನ್ನು ಇಲ್ಲಿ ಬರೆದಿಡುತ್ತೇನೆ; ದೊಡ್ಡವಳಾದ ಮೇಲೆ ಓದಿಕೊಳ್ಳಲಿ.

ನಾನು ಅವರನ್ನು ಮಾವ, ಅವರ ಹೆಂಡತಿಯನ್ನು ಅತ್ತೆ ಎನ್ನುತ್ತೇನೆ. ರಕ್ತಸಂಬಂಧವೇನಿಲ್ಲ, ನಡುವೆ ಒಂದು ಮೋಟುಗೋಡೆ ಇದೆ, ಅಷ್ಟೇ. ಮರ ಕೊಯ್ಯುವ ಮೋಟಾರು ಗರಗಸಗಳನ್ನು ರಿಪೇರಿ ಮಾಡುವುದು ಅವರ ಕೆಲಸ. ಪ್ರಾಯದಲ್ಲಿ ಅವರೇ ಮರ ಕೊಯ್ಯುತ್ತಿದ್ದರು. ಆಗ ಕಿವಿಗೆ ಏನಾದರೂ ಮುಚ್ಚಿಕೊಂಡವನನ್ನು ಉಳಿದವರು ‘ಮದುವಣಗಿತ್ತಿ’ ಎಂದು ಹಂಗಿಸುತ್ತಿದ್ದರಂತೆ. ಯಾರೂ ಮುಚ್ಚಿಕೊಳ್ಳಲಿಲ್ಲ. ಈಗ ಕಿವಿ ಮುಚ್ಚಿಕೊಳ್ಳದೆ ಗರಗಸ ಚಾಲೂ ಮಾಡುವ ಗಿರಾಕಿಯನ್ನು ಕಂಡರೆ ಮಾವ ಉರಿದುಬೀಳುತ್ತಾರೆ.

ಗಿರಾಕಿ ಬಂದರೆ ಏನಾಗಿದೆ ಎಂದು ಅವರು ಕೇಳುವುದಿಲ್ಲ. “ಹೇಗೆ ಕೂಗುತ್ತೆ? ಕೂಗಿ ತೋರ್ಸು” ಎನ್ನುತ್ತಾರೆ. ದಪ್ಪ ಮೀಸೆಯ ಗಂಡಸರೆಲ್ಲ ಶೆಡ್ಡಿನ ಬಾಗಿಲಲ್ಲಿ ನಿಂತು ತುಟಿ ಅದುರಿಸಿ “ಗುರ್ರ್ರ್... ಬುಸ್” ಎನ್ನುತ್ತಾರೆ. ಅದನ್ನು ಕೇಳಿ ಕೇಳಿ ನನ್ನ ಮಗಳು ‘ಅಮ್ಮ’ ಎನ್ನುವುದಕ್ಕಿಂತ ಮೊದಲು ಕೆಟ್ಟ ಗರಗಸದ ಹಾಗೆ ಕೆಮ್ಮುವುದನ್ನು ಕಲಿತಳು. ಮಾವ ಆ ಕೂಗಿನಿಂದಲೇ ರೋಗ ಹೇಳಿಬಿಡುತ್ತಿದ್ದರು. ಈಚೆಗೆ ಗಿರಾಕಿಗಳು ಗಂಟಲು ಹರಿಯುವಂತೆ ಕೂಗಬೇಕಾಗಿದೆ.

“ಊಟಕ್ಕೆ ಬನ್ನಿ ಅಂದ್ರೆ ಕೇಳ್ಸಲ್ಲ, ಕಿವಿ ಕೇಳ್ಸಲ್ಲ ಅಂತ ಗೊಣಗಿದ್ರೆ ಮಾತ್ರ ಕೇಳ್ಸುತ್ತೆ” ಎಂದು ಅತ್ತೆ ಗೋಡೆಯ ಆಚೆಯಿಂದ ನನಗೆ ಕೇಳುವ ಹಾಗೆ ಹೇಳುತ್ತಾರೆ.

ಮಾವನ ಗರಗಸಗಳ ಹೊಗೆಗೂ ನನ್ನ ಬಟ್ಟೆ ಹಗ್ಗಕ್ಕೂ ಹಳೆಯ ವೈರ. ಗರಗಸ ಪರೀಕ್ಷೆ ಮಾಡುವ ಕಟ್ಟೆಗೆ ಎದುರಾಗಿಯೇ ನನ್ನ ಹಗ್ಗವಿದೆ. ಅಲ್ಲಿ ಬಿಟ್ಟರೆ ಬೇರೆಲ್ಲೂ ಅಷ್ಟು ಬಿಸಿಲು ಬೀಳುವುದಿಲ್ಲ. ಮಗುವಿನ ಬಟ್ಟೆಗಳ ಮೇಲೆ ಎಣ್ಣೆಹೊಗೆ ಊದಿ ಊದಿ ಅವು ಒಗೆದರೂ ಗ್ಯಾರೇಜಿನ ವಾಸನೆ ಹೊಡೆಯುತ್ತಿದ್ದವು. ನಾನು ಕೂಗಾಡುತ್ತಿದ್ದೆ. ಮಾವ “ಕೇಳ್ಸಲಿಲ್ಲ ಮಗಳೇ” ಎಂದು ನಗುತ್ತಿದ್ದರು. ಇಲ್ಲಿ ಮಾತ್ರ ಕಿವುಡು ಅವರಿಗೆ ಲಾಭವಾಗಿತ್ತು.

ಇವತ್ತು ಅವರ ಮುಖದಲ್ಲಿ ನಗು ಇರಲಿಲ್ಲ. ಅವರದೊಂದು ಪಣವಿತ್ತು: ಒಂದೇ ದೂರಿಗೆ ಒಂದೇ ಗರಗಸ ಮೂರನೇ ಸಲ ವಾಪಸ್ ಬಂದರೆ ಶೆಡ್ಡಿನ ಬಾಗಿಲು ಎಳೆದು ಕೆಲಸ ಬಿಡುವುದೆಂದು. ಅದು ಬರೀ ಹಟವಲ್ಲ. ಶಕ್ತಿಯಿಲ್ಲದ ಗರಗಸವನ್ನು ಮರದ ಮೇಲಿರುವವನು ಮೈಭಾರ ಹಾಕಿ ಒತ್ತುತ್ತಾನೆ. ಒತ್ತಿದಾಗ ಅದು ಎಲ್ಲಿಗೆ ಜಾರುತ್ತದೆ ಎಂದು ಹೇಳುವವರಾರು? “ಕೇಳ್ಸದೇ ಇದ್ರೂ ಕೇಳ್ಸಿದ ಹಾಗೆ ನಟಿಸಿ ಇನ್ನೊಬ್ಬನ ಕಾಲಿಗೆ ಕುತ್ತು ತರಲ್ಲ” ಎಂದು ಅತ್ತೆಗೆ ಹೇಳಿದ್ದರು. ಮೂಲೆಮನೆಯ ಮರ ಕೊಯ್ಯುವವನ ಗರಗಸ ಈಗಾಗಲೇ ಎರಡು ಸಲ ವಾಪಸ್ ಬಂದಿತ್ತು. ನಾಳೆ ಬೆಳಿಗ್ಗೆ ಅವನು ಮತ್ತೆ ಬಂದು ಒಯ್ಯುವವನಿದ್ದ.

ಸುಮ್ಮನೆ ಓಡುವಾಗ ಅದು ಸರಿಯಾಗಿಯೇ ಇತ್ತು. ದಿಮ್ಮಿಯ ಮೇಲೆ ಇಟ್ಟ ತಕ್ಷಣ ಉಬ್ಬಸದವನು ಗುಡ್ಡ ಹತ್ತಿದ ಹಾಗೆ ಏದುಸಿರು ಬಿಡುತ್ತಿತ್ತು. ಮಾವ ಮೊದಲ ಸಲ ಗಾಳಿಯ ಫಿಲ್ಟರ್ ತೊಳೆದು, ಪ್ಲಗ್ ಬದಲಿಸಿ, ಚೈನಿನ ಹಲ್ಲು ಹರಿತ ಮಾಡಿದ್ದರು. ಎರಡನೇ ಸಲ ಹಳೆ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿ, ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿದ್ದರು. ಇವತ್ತು ಬೆಳಗಿನಿಂದ ಅದೇ ಸ್ಕ್ರೂವನ್ನು ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ತಿರುಗಿಸಿ, ಹಲ್ಲಿನಲ್ಲಿ ಆಲಿಸಿ, ತಲೆ ಅಲ್ಲಾಡಿಸುತ್ತಿದ್ದರು. ದೋಷ ಗರಗಸದ್ದಲ್ಲ, ತಮ್ಮ ಕಿವಿಯದೇ ಎಂದು ಅವರು ತೀರ್ಮಾನಿಸಿಬಿಟ್ಟಿದ್ದು ನನಗೂ ಗೊತ್ತಾಗುತ್ತಿತ್ತು.

ನಾನು ಮಗಳ ಹಳದಿ ಫ್ರಾಕನ್ನು ಹಗ್ಗಕ್ಕೆ ಹಾಕಿ, ಹೊಗೆ ಬರುವ ಮುನ್ನ ಜಗಳಕ್ಕೆ ಸಿದ್ಧಳಾಗಿ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಮಾವ ಗರಗಸದ ಸದ್ದು ಏರಿಸಿದರು. ಫ್ರಾಕು ಅಲ್ಲಾಡಲಿಲ್ಲ. ಮತ್ತೂ ಏರಿಸಿದರು. ಅದು ಒದ್ದೆಯಾಗಿ, ಒಳ್ಳೆ ಹುಡುಗಿಯ ಹಾಗೆ ಸುಮ್ಮನೆ ನೇತಾಡುತ್ತಿತ್ತು.

“ಮಾವ, ಇದು ಊದ್ತಾನೇ ಇಲ್ವಲ್ಲ!”

ಕೇಳಿಸಲಿಲ್ಲ. ಗೋಡೆಯ ಹತ್ತಿರ ಹೋಗಿ ಫ್ರಾಕು ತೋರಿಸಿ, ಕೆನ್ನೆ ಉಬ್ಬಿಸಿ ಊದಿ, ಇಲ್ಲವೆಂದು ಕೈ ಆಡಿಸಿದೆ. ಅವರು ಗರಗಸ ಆರಿಸಿದರು.

“ಏನಾಯ್ತು? ಇವತ್ತು ಹೊಗೆ ಬರದಿದ್ರೂ ಬೈತೀಯಾ?”

“ಬೇರೆ ದಿನ ಬಟ್ಟೆ ಹಾರಿಹೋಗೋ ಹಾಗೆ ಊದ್ತಿತ್ತು. ಇವತ್ತು ಗಾಳಿನೇ ಇಲ್ಲ, ನೋಡಿ.”

ಮಾವ ಫ್ರಾಕನ್ನು ನೋಡಿದರು, ಗರಗಸವನ್ನು ನೋಡಿದರು. ಶೆಡ್ಡಿನಿಂದ ಇನ್ನೊಂದು ಗರಗಸ ತಂದು ಅದೇ ಜಾಗದಲ್ಲಿ ಚಾಲೂ ಮಾಡಿದರು. ಫ್ರಾಕು ಕಾಲು ಝಾಡಿಸಿ ಕುಣಿಯಿತು. ಮಗಳು ಚಪ್ಪಾಳೆ ತಟ್ಟಿದಳು. ಮತ್ತೆ ಮೊದಲಿನ ಗರಗಸ. ಫ್ರಾಕು ನಿಂತುಬಿಟ್ಟಿತು.

“ಅಯ್ಯೋ ನಿನ್ನ! ಇದಕ್ಕೆ ಉಸಿರು ಎಳ್ಕೊಳ್ಳೋದು ಬರುತ್ತೆ, ಬಿಡೋದು ಬರಲ್ಲ! ನಾನು ಮೂಗು ತೊಳೀತಾ ಕೂತಿದ್ದೀನಿ!”

ಅದು ತಣಿಯುವವರೆಗೂ ಅವರಿಗೆ ತಾಳ್ಮೆಯಿರಲಿಲ್ಲ. ಎರಡು ಸಲ ಬೆರಳು ಸುಟ್ಟುಕೊಂಡರು. ಸೈಲೆನ್ಸರ್ ಬಿಚ್ಚಿದಾಗ ಒಳಗೆ ಉಗುರಿನಗಲದ ಒಂದು ಜಾಲರಿ ಸಿಕ್ಕಿತು. ಕಿಡಿ ಹೊರಗೆ ಹಾರದಿರಲಿ ಎಂದು ಇಟ್ಟಿರುವುದಂತೆ. ಅದರ ಒಂದು ಕಣ್ಣೂ ತೆರೆದಿರಲಿಲ್ಲ, ಮಸಿ ಗಾರೆಯ ಹಾಗೆ ಮೆತ್ತಿತ್ತು. ಮಾವ ಅದನ್ನು ಇಕ್ಕಳದಲ್ಲಿ ಹಿಡಿದು ನೇರ ಅಡುಗೆಮನೆಗೆ ನುಗ್ಗಿದರು.

“ನನ್ನ ಒಲೆ ಮೇಲೆ ಗರಗಸ ಬೇಯಿಸ್ತೀರಾ?” ಅತ್ತೆಯ ದನಿ.

“ಉಪ್ಪು ಕಡಿಮೆ ಹಾಕ್ತೀನಿ, ಬಿಡೇ.”

ಜಾಲರಿ ಕೆಂಪಗೆ ಕಾದು, ಮಸಿ ಉರಿದು, ತಂತಿ ಬ್ರಷ್ಷಿಗೆ ಪುಡಿಪುಡಿಯಾಗಿ ಉದುರಿತು. ಅಷ್ಟು ದಿನ ತಿರುಗಿಸಿದ ಸ್ಕ್ರೂವನ್ನೂ ಹಲ್ಲಿನಲ್ಲಿ ಆಲಿಸುತ್ತ ಮೊದಲಿನ ಜಾಗಕ್ಕೆ ತಂದರು. ಆಮೇಲೆ ದಿಮ್ಮಿಯ ಮೇಲೆ ಇಟ್ಟರೆ ಗರಗಸ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಳಿಯಿತು. ಫ್ರಾಕು ಮಸಿಯ ಚುಕ್ಕೆ ಚುಕ್ಕೆಯಾಯಿತು. ನಾನು ಬೈಯಲಿಲ್ಲ.

ನಾಳೆಯವರೆಗೆ ಕಾಯಲಾರದೆ ಮರ ಕೊಯ್ಯುವವನು ಸಂಜೆಯೇ ಬಂದ. ಒಂದು ಕೊಯ್ತ ಕೊಯ್ದು ಹಲ್ಲು ಕಿರಿದ.

“ಪೆಟ್ರೋಲಿಗೆ ಎಷ್ಟು ಎಣ್ಣೆ ಬೆರೆಸ್ತೀಯೋ?” ಮಾವ ಕೇಳಿದರು.

“ಹೇಳಿದ್ದಕ್ಕಿಂತ ಒಂದು ಕೈ ಜಾಸ್ತಿನೇ ಹಾಕ್ತೀನಿ ಯಜಮಾನ್ರೇ. ಪಾಪ, ದಿನವೆಲ್ಲಾ ದುಡಿಯುತ್ತೆ.”

“ನಿನ್ನ ಪ್ರೀತಿಗೇ ಕಣೋ ಅದರ ಉಸಿರು ಕಟ್ಟಿದ್ದು! ಜಾಸ್ತಿ ಎಣ್ಣೆ ಮಸಿಯಾಗಿ ಮೆತ್ಕೊಳ್ಳುತ್ತೆ, ಅಳತೆ ಮೀರಿ ಉಣಿಸಬೇಡ.”

ಅವನು ಹೋದ ಮೇಲೆ ಮಾವ ಶೆಡ್ಡಿನ ಬಾಗಿಲನ್ನು ಎಂದಿನ ಹಾಗೆ ಅರ್ಧಕ್ಕೆ ಎಳೆದರು. ನಾಳೆ ತೆರೆಯುವವರ ಹಾಗೆ. ಅತ್ತೆ ಗೋಡೆಯ ಮೇಲಿಂದ ನನಗೆ ಚಹಾದ ಲೋಟ ಕೊಟ್ಟರು. ನಾನು ಮಸಿಯಾದ ಫ್ರಾಕನ್ನು ಹಗ್ಗದಿಂದ ತೆಗೆಯುತ್ತಿದ್ದೆ. ನಾಳೆಯಿಂದ ಹಗ್ಗವನ್ನು ಮನೆಯ ಮುಂದೆ ಕಟ್ಟಿಕೊಳ್ಳುವುದು, ಬಿಸಿಲು ಕಡಿಮೆಯಾದರೂ ಸರಿ ಎಂದು ಯೋಚಿಸುತ್ತಿದ್ದೆ.

ಮಾವ ಗೋಡೆಯ ಹತ್ತಿರ ಬಂದು ಕೈ ಒರೆಸಿಕೊಂಡರು.

“ಮಗಳೇ, ಒಂದು ಉಪಕಾರ ಮಾಡ್ತೀಯಾ? ಬೇರೆ ಬಟ್ಟೆ ಎಲ್ಲಿ ಬೇಕಾದ್ರೂ ಒಣಗಿಸ್ಕೋ. ಪುಟ್ಟಿ ಫ್ರಾಕೊಂದನ್ನ ಮಾತ್ರ ಇಲ್ಲೇ ಬಿಟ್ಬಿಡು.”