ನಮ್ಮ ಇಂಗ್ಲಿಷ್ ಶಾಲೆಯ ಲೀಡರುಗಳು

ಇವತ್ತು ಬೆಳಿಗ್ಗೆ ಹಾಲು ತರಲು ಹೊರಟವಳು ಬಸ್ ಸ್ಟ್ಯಾಂಡಿನ ಎದುರು ನಿಂತುಬಿಟ್ಟೆ. ರಾತ್ರೋರಾತ್ರಿ ಅಲ್ಲೊಂದು ಹೊಸ ಫ್ಲೆಕ್ಸು ಕಟ್ಟಿದ್ದರು. ಹೊಸ ಫ್ಲೆಕ್ಸಿಗೆ ಒಂದು ವಾಸನೆ ಇರುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ಸೀಮೆಎಣ್ಣೆಗೂ ಬಣ್ಣಕ್ಕೂ ನಡುವಿನ ಆ ವಾಸನೆ ಮೂಗಿಗೆ ಬಿದ್ದರೆ ನಮ್ಮೂರಲ್ಲಿ ಚುನಾವಣೆ ಬಂತೆಂದೇ ತಿಳಿಯಬೇಕು. ನಾನು ನಿಂತದ್ದು ವಾಸನೆಗಲ್ಲ. ಅದರಲ್ಲಿ ಶಿವಕುಮಾರನೂ ಚಂದ್ರಕಲಾಳೂ ಪಕ್ಕಪಕ್ಕದಲ್ಲಿ ನಿಂತು ಕೈಮುಗಿದಿದ್ದರು. ಇಬ್ಬರ ಕೊರಳಲ್ಲೂ ಒಂದೇ ಬಣ್ಣದ ಪಾರ್ಟಿ ಶಾಲು.

ಹಾಲು ತರುವುದನ್ನು ಮರೆತು ಖಾಲಿ ಕ್ಯಾನು ಹಿಡಿದು ಮನೆಗೆ ಬಂದೆ. ಚಹಾಕ್ಕೆ ಕಾದು ಕೂತಿದ್ದ ಗಂಡ ನನ್ನ ಮುಖ ನೋಡಿ ಏನೂ ಕೇಳಲಿಲ್ಲ. ಅವರೂ ಬೆಳಿಗ್ಗೆ ವಾಕಿಂಗಿಗೆ ಹೋಗಿಬಂದಿದ್ದರು.

ನಮ್ಮ ಊರಿನ ಹೆಸರು ಬೇಡ. ತೆಲಂಗಾಣದ ಜಹೀರಾಬಾದಿಗೂ ನಾರಾಯಣಖೇಡಕ್ಕೂ ನಡುವೆ, ಮುನ್ಸಿಪಾಲಿಟಿ ಎನಿಸಿಕೊಳ್ಳುವಷ್ಟು ದೊಡ್ಡದಾದ, ಎಲ್ಲರ ಮನೆಯ ಸಾರಿನ ಘಮ ಎಲ್ಲರಿಗೂ ಗೊತ್ತಾಗುವಷ್ಟು ಸಣ್ಣದಾದ ಊರು ಎಂದುಕೊಳ್ಳಿ. ನಾನು ಹುಟ್ಟಿದ್ದೂ ಅಲ್ಲೇ, ಸೋದರಮಾವನ ಮಗನನ್ನು ಮದುವೆಯಾಗಿ ಎರಡು ಓಣಿ ಆಚೆ ಹೋದದ್ದೂ ಅಲ್ಲೇ. ಹೀಗಾಗಿ ನಾನು ಕಂಡ ಲೋಕವೆಂದರೆ ಜಹೀರಾಬಾದಿನ ಹಳೆಯ ಇಂಗ್ಲಿಷ್ ಶಾಲೆ. ದಿನವೂ ಬೆಳಗಿನ ಬಸ್ಸಿಗೆ ಕಬ್ಬಿನ ಗಾಡಿಗಳನ್ನು ದಾಟಿಕೊಂಡು ನಮ್ಮೂರಿಂದ ಅಲ್ಲಿಗೆ ಹೋಗುತ್ತಿದ್ದವರು ನಾವು ಮೂವರೇ.

ಶಿವಕುಮಾರ ತೊಗರಿ ಅಡತಿ ವ್ಯಾಪಾರಿಯ ಮಗ. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಹುರಿಗಡಲೆ. ಚಂದ್ರಕಲಾಳ ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಸೀಸನ್ ಕೆಲಸಕ್ಕೆ ಹೋಗುತ್ತಿದ್ದರು. ಅವರ ಮನೆಯ ನೀಲಿ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಮಗಳನ್ನು ಬಸ್ಸು ಹತ್ತಿಸುವಾಗ ಆ ಮನುಷ್ಯ ದಿನಾ ಒಂದೇ ಮಾತು ಹೇಳುತ್ತಿದ್ದರು: "ಕಲೀ ಯವ್ವಾ. ಇಂಗ್ಲಿಷ್ ಬಂದ್ರ ನಿನ್ನ ಯಾರೂ ನೆಲದ ಮ್ಯಾಲ ಕೂಡ್ಸಂಗಿಲ್ಲ." ನಮ್ಮ ಅವ್ವ ನನ್ನನ್ನು ಕಳಿಸಿದ್ದು ಇಷ್ಟು ದೊಡ್ಡ ಆಸೆಯಿಂದಲ್ಲ. ಇಂಗ್ಲಿಷ್ ಓದಿದ ಹುಡುಗಿಗೆ ಬೇಗ ವರ ಸಿಗುತ್ತಾನೆಂದು ಯಾರೋ ಹೇಳಿದ್ದರಂತೆ. ಕಡೆಗೆ ಸಿಕ್ಕವನು ಎರಡು ಓಣಿ ಆಚೆಯವನು.

ಆ ಶಾಲೆಯಲ್ಲಿ ಫ್ಲೋರಾ ಟೀಚರ್ ಎಂಬವರಿದ್ದರು. ವರ್ಷಕ್ಕೊಮ್ಮೆ ಮಕ್ಕಳಿಂದ ಪಾರ್ಲಿಮೆಂಟ್ ಆಡಿಸುತ್ತಿದ್ದರು. ಶಿವಕುಮಾರ ಪ್ರಧಾನಿ, ಚಂದ್ರಕಲಾ ವಿರೋಧ ಪಕ್ಷದ ನಾಯಕಿ. ಬಾಯಿ ಬಿಡಲು ಹೆದರುತ್ತಿದ್ದ ನನ್ನನ್ನು ಸ್ಪೀಕರ್ ಮಾಡಿದರು. ಆ ಹುದ್ದೆಗೆ ಅಂಥವರೇ ಸರಿ ಎಂದು ಅವರಿಗೆ ಅನಿಸಿರಬೇಕು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಆಡುವ ನಾವು ಅಲ್ಲಿ ಇಂಗ್ಲಿಷಿನಲ್ಲಿ ಜಗಳಾಡಬೇಕಿತ್ತು. ಸ್ವಲ್ಪ ಹೊತ್ತು ಚೆನ್ನಾಗೇ ನಡೆಯುತ್ತಿತ್ತು. ಸಿಟ್ಟು ಏರಿದೊಡನೆ ಶಿವಕುಮಾರ, "ಏ, ನೀ ಸುಮ್ನ ಕೂಡು, ನಿಂಗೇನ್ ತಿಳೀತದ?" ಎನ್ನುವನು. ಚಂದ್ರಕಲಾ, "ನಿನಕಿಂತ ಜಾಸ್ತಿ ತಿಳೀತದ, ಕೂಡಂಗಿಲ್ಲ ಹೋಗು!" ಎನ್ನುವಳು. ಟೀಚರ್ ಡಸ್ಟರಿನಿಂದ ಮೇಜು ಕುಟ್ಟುತ್ತ "ಇಂಗ್ಲಿಷ್! ಇಂಗ್ಲಿಷ್!" ಎಂದು ಕೂಗುವರು. ಆ ಸರಕಾರ ಪ್ರತಿವರ್ಷ ಹೀಗೆಯೇ ಬೀಳುತ್ತಿತ್ತು.

ಮುಂದೆ ಇಬ್ಬರೂ ನಿಜವಾಗಿ ರಾಜಕೀಯಕ್ಕೆ ಹೋದರು, ಬೇರೆ ಬೇರೆ ಪಾರ್ಟಿಗೆ. ನಾನೂ ಹೋದೆ ಎಂದರೆ ನಗಬೇಡಿ. ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು. ಎರಡೂ ಪಾರ್ಟಿಯವರು ನಿಲ್ಲಿಸಿದ ಹೆಂಗಸರ ಮೇಲೆ ಓಣಿಗೆ ಕೋಪವಿತ್ತು. ನಮ್ಮ ಮೆಡಿಕಲ್ ಅಂಗಡಿಗೆ ಗುಳಿಗೆ ಕೊಳ್ಳಲು ಬರುವ ಹೆಂಗಸರೇ ನನ್ನನ್ನು ಪಕ್ಷೇತರಳಾಗಿ ನಿಲ್ಲಿಸಿದರು. ನನಗೆ ಸಿಕ್ಕ ಗುರುತು ಹೊಲಿಗೆ ಯಂತ್ರ. ಪ್ರಚಾರಕ್ಕೆ ಹೋದಲ್ಲೆಲ್ಲ ಒಬ್ಬಳಾದರೂ, "ಬ್ಲೌಸ್ ಹೊಲಿತೀರೇನ್ರಿ?" ಎಂದು ಕೇಳುತ್ತಿದ್ದಳು. ಗುಂಡಿ ಹಚ್ಚಲೂ ಬಾರದ ನಾನು ಗೆದ್ದುಬಿಟ್ಟೆ.

ಗೆದ್ದ ದಿನದ ಸಂತೋಷ ಮರುದಿನಕ್ಕೇ ಮುಗಿಯಿತು. ಎರಡೂ ಪಾರ್ಟಿಗೆ ಸಮಸಮ ಸೀಟು ಬಂದಿತ್ತು. ಚೇರ್ಮನ್ ಹುದ್ದೆಗೆ ಒಂದು ಕಡೆಯಿಂದ ಶಿವಕುಮಾರ, ಇನ್ನೊಂದು ಕಡೆಯಿಂದ ಚಂದ್ರಕಲಾ. ನಡುವೆ, ಯಾರಿಗಾದರೂ ಎತ್ತಲೇಬೇಕಾದ ನನ್ನದೊಂದು ಕೈ.

ಶಿವಕುಮಾರನೇ ಫೋನು ಮಾಡಿದ. "ತಂಗಿ, ತಾಂಡೂರ ತೋಟದಾಗ ನಮ್ಮ ಶಾಲಿ ಹಳೇ ಮಂದಿ ಕೂಡ್ಲಕ್ಕತ್ತೀವಿ. ಫ್ಲೋರಾ ಟೀಚರ್ ಬರ್ತಾರ. ನಿಮಗ ಗಾಡಿ ಕಳಿಸ್ತೀನ್ರಿ." ತಾಂಡೂರಿನ ಹತ್ತಿರ ಅವನಿಗೊಂದು ತೋಟದ ಮನೆ ಇರುವುದು ಊರಿಗೆಲ್ಲ ಗೊತ್ತು. ಟೀಚರ್ ಹೆಸರು ಕೇಳಿ ನಾನು ಒಳ್ಳೆಯ ಸೀರೆ ಉಟ್ಟು ಹೊರಟೆ. ಗಂಡನಿಗೆ, ಸಂಜೆಯೊಳಗೆ ಬರುತ್ತೇನೆ ಎಂದೆ.

ತಾಂಡೂರು ಹತ್ತಿರವಾದಂತೆ ರಸ್ತೆಯ ಎರಡೂ ಬದಿ ಬೂದುಬಣ್ಣದ ಹಾಸುಗಲ್ಲುಗಳನ್ನು ಗೋಡೆಯ ಹಾಗೆ ನಿಲ್ಲಿಸಿದ್ದರು. ಕಲ್ಲು ಕೊಯ್ಯುವ ಯಂತ್ರದ ಸದ್ದು. ಕಾರು ಒಂದು ದೊಡ್ಡ ಗೇಟಿನೊಳಗೆ ಹೋಯಿತು. ಹಿಂದೆಯೇ ಗೇಟು ಮುಚ್ಚಿತು. ಒಳಗೆ ನೋಡಿದರೆ ಶಾಲೆಯವರು ಯಾರೂ ಇರಲಿಲ್ಲ. ಅವನ ಪಾರ್ಟಿಯ ಕೌನ್ಸಿಲರುಗಳೆಲ್ಲ ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡು ಇಸ್ಪೀಟು ಆಡುತ್ತಿದ್ದರು.

"ಟೀಚರ್ ಎಲ್ಲಿ?" ಎಂದೆ.

"ಬರ್ತಾರ, ಬರ್ತಾರ," ಎಂದ ಒಬ್ಬ, "ಫೋನ್ ಕೊಡ್ರಿ ಅಕ್ಕಾ, ಚಾರ್ಜಿಗೆ ಹಚ್ತೀನಿ." ಕೊಟ್ಟೆ. ಆ ಫೋನು ಮತ್ತೆ ನನ್ನ ಕೈಗೆ ಬರಲಿಲ್ಲ.

ಸಂಜೆ ಮನೆಗೆ ಬಿಡಿ ಎಂದರೆ, ಗಾಡಿ ಕೆಟ್ಟಿದೆ ಎಂದರು. ಊಟಕ್ಕೆ ಕಡಿಮೆ ಮಾಡಲಿಲ್ಲ; ನನಗಾಗಿ ಬೇರೆಯೇ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿಸಿದ್ದರು. ಅಡುಗೆಯ ಹೆಂಗಸಿನ ಕೋಣೆಯಲ್ಲಿ ಮಲಗಿದೆ. ಬೆಳಗಾದ ಮೇಲೆ ಶಿವಕುಮಾರ ಬಂದ. ಎದುರು ಕುರ್ಚಿ ಎಳೆದುಕೊಂಡು ಕೂತು ಶಾಲೆಯ ಮಾತು ತೆಗೆದ, ನಕ್ಕ, ನಡುನಡುವೆ ಇಂಗ್ಲಿಷನ್ನೂ ಆಡಿದ. ಆಮೇಲೆ ದನಿ ಇಳಿಸಿದ.

"ನಿಮ್ಮವರ ಮೆಡಿಕಲ್ ಇರೋ ಮಳಗಿ ನಮ್ಮ ಕಾಕಾಂದೇ ಅಲ್ಲಾ?"

"ಹೌದು."

"ಜಾಗಾ ಭಾಳ ಛಲೋ ಅದರಿ. ಬಸ್ ಸ್ಟ್ಯಾಂಡ್ ಎದ್ರಿಗೇ. ಅಂಥಾ ಜಾಗಾ ಮತ್ತ ಸಿಗಂಗಿಲ್ಲ."

ಅಷ್ಟೇ ಅಂದ. ಬೈದಿದ್ದರೆ ಅಳಬಹುದಿತ್ತು. ಅವನು ನನ್ನ ಮುಂದೆ ಚಹಾದ ಕಪ್ಪು ಸರಿಸಿದ. ನಾನು ಕಪ್ಪನ್ನು ಮುಟ್ಟಲೇ ಇಲ್ಲ.

ಮಧ್ಯಾಹ್ನ ಗೇಟಿನ ಹತ್ತಿರ ಗದ್ದಲ ಕೇಳಿತು. ಕಿಟಕಿಯಿಂದ ನೋಡಿದರೆ ಹೊರಗೆ ಒಂದು ಆಟೊ. ಅದರ ಮುಂದೆ ಚಂದ್ರಕಲಾ, ಒಬ್ಬಳೇ. ರಾತ್ರಿಯಾದರೂ ನಾನು ಬಾರದ್ದರಿಂದ ನನ್ನ ಗಂಡ ಅವಳ ಮನೆಗೆ ಹೋಗಿದ್ದರಂತೆ. ಜನರನ್ನು ಕರೆದುಕೊಂಡು ಬಂದರೆ ಹೊಡೆದಾಟವಾಗುತ್ತದೆಂದು ನನ್ನ ಗಂಡನನ್ನೂ ತಾಂಡೂರು ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟು ಬಂದಿದ್ದಳು. ಗೇಟಿನ ಒಳಗೆ ಶಿವಕುಮಾರನ ಆಳುಗಳು ಕೈಯಲ್ಲಿ ಬಡಿಗೆ ಹಿಡಿದು ನಿಂತಿದ್ದರು. ಒಬ್ಬ ಬಡಿಗೆಯಿಂದ ಗೇಟಿನ ಸರಳಿಗೆ ಬಾರಿಸಿದ. ಅವಳು ಹಿಂದೆ ಸರಿಯಲಿಲ್ಲ. ನಾನು ಓಡುತ್ತ ಅಂಗಳಕ್ಕೆ ಬಂದೆ. ಇಸ್ಪೀಟು ಬಿಟ್ಟು ಕೌನ್ಸಿಲರುಗಳೂ ಪಡಸಾಲೆಯ ಅಂಚಿಗೆ ಬಂದು ನಿಂತರು.

"ವೋಟ್ ಕೇಳಾಕ ಬಂದೀಯೇನು?" ಶಿವಕುಮಾರ ಒಳಗಿನಿಂದಲೇ ಕೂಗಿದ.

"ಇಲ್ಲ," ಎಂದಳು ಚಂದ್ರಕಲಾ. ದನಿ ಒಡೆದಿತ್ತು, ಅವಳಿಗೂ ಹೆದರಿಕೆಯಾಗಿದೆ ಎಂದು ನನಗೆ ತಿಳಿಯಿತು. "ಆಕಿ ನಿನಗೇ ವೋಟ್ ಹಾಕ್ಲಿ, ನನ್ನ ತಕರಾರಿಲ್ಲ. ಆದ್ರ ತನ್ನ ಮನಿಯಿಂದ ಬಂದು ಹಾಕ್ಲಿ."

ಶಿವಕುಮಾರ ಪಡಸಾಲೆಯ ಕಡೆ ನೋಡಿದ. ಅವನ ಕೌನ್ಸಿಲರುಗಳೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ನನ್ನನ್ನು ಬಿಡುವುದಿಲ್ಲ ಎಂದರೆ ತಾವೂ ಇಲ್ಲಿ ಸೆರೆಯಲ್ಲಿದ್ದೇವೆ ಎಂದು ಅವರಿಗೆ ಗೊತ್ತಾಗಿಬಿಡುತ್ತಿತ್ತು. ಕಡೆಗೆ ಅವನು ಜೋರಾಗಿ ನಕ್ಕ.

"ಹಿಡದವರು ಯಾರು? ತಂಗಿ ಊಟಕ್ಕ ಬಂದಾಳ. ಏ, ಗೇಟ್ ತಗೀರೋ!"

ಗೇಟು ತೆರೆದದ್ದೇ ತಡ, ಅವನ ಪಾರ್ಟಿಯ ಹಿರಿಯ ಕೌನ್ಸಿಲರ್ ಒಬ್ಬರು ಚಪ್ಪಲಿ ಮೆಟ್ಟಿಕೊಂಡು ಬಂದು, "ನಾನೂ ಬರ್ತೀನವ್ವಾ, ಬಿಪಿ ಗುಳಿಗಿ ಮನ್ಯಾಗೇ ಉಳದಾವ," ಎಂದು ಎಲ್ಲರಿಗಿಂತ ಮೊದಲು ಆಟೊ ಹತ್ತಿ ಕೂತರು. ಶಿವಕುಮಾರ ನಗುತ್ತಲೇ ನಿಂತಿದ್ದ.

ಆಟೊದಲ್ಲಿ ನಾನು ಚಂದ್ರಕಲಾಳ ಕೈ ಬಿಡಲಿಲ್ಲ. ವೋಟಿನ ಮಾತು ಅವಳು ಎತ್ತಲೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಗಂಡ ಬೆಂಚಿನಿಂದ ಎದ್ದು ನಿಂತು, ಮತ್ತೆ ಕೂತು, ಮತ್ತೆ ಎದ್ದರು. ಅವರಿಗೆ ಮಳಿಗೆಯ ಮಾತು ಹೇಳಿದೆ. "ಕೈ ನಿಂದು ಅದ. ನನ್ನ ಕೇಳಬ್ಯಾಡ," ಎಂದರು.

ಮರುದಿನ ಕೌನ್ಸಿಲ್ ಹಾಲಿನಲ್ಲಿ ಕೈ ಎತ್ತುವ ಹೊತ್ತು ಬಂತು. ಮೊದಲು ಚಂದ್ರಕಲಾಳ ಹೆಸರು ಕರೆದರು. ಎದುರಿಗೆ ಕೂತ ಶಿವಕುಮಾರ ನನ್ನನ್ನೇ ನೋಡುತ್ತಿದ್ದ. ನಾನು ಕೈ ಎತ್ತಿದೆ. ಗೆದ್ದಳು ಎಂದುಕೊಂಡು ಅವಳ ಕಡೆ ತಿರುಗಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ತನ್ನ ಪಕ್ಕದ ಕುರ್ಚಿಯವನನ್ನು ನೋಡುತ್ತಿದ್ದಳು. ಅವಳದೇ ಪಾರ್ಟಿಯವನು, ಬೆಳಿಗ್ಗೆಯಷ್ಟೇ ಅವಳ ಮನೆಯಲ್ಲಿ ಉಪ್ಪಿಟ್ಟು ತಿಂದು ಬಂದವನು. ಅವನ ಎರಡೂ ಕೈ ತೊಡೆಯ ಮೇಲಿದ್ದವು. ಶಿವಕುಮಾರನ ಹೆಸರು ಬಂದಾಗ ಅದರಲ್ಲೊಂದು ಮೇಲೆದ್ದಿತು.

ಶಿವಕುಮಾರ ಚೇರ್ಮನ್ ಆದ. ಬೇಸಿಗೆ ಮುಗಿಯುವುದರೊಳಗೆ ನಮ್ಮ ಮಳಿಗೆ ಹೋಯಿತು. ಔಷಧದ ಬೀರುಗಳನ್ನು ಮನೆಗೆ ತಂದು, ಮುಂದಿನ ಕೋಣೆಯ ಕಿಟಕಿ ಒಡೆಸಿ, ಅಲ್ಲೇ ಅಂಗಡಿ ಇಟ್ಟೆವು. ಕೆಲವು ತಿಂಗಳು ಗಿರಾಕಿಗಳಿಲ್ಲದೆ ಗಂಡ ಪೇಪರನ್ನು ಜಾಹೀರಾತೂ ಬಿಡದಂತೆ ಓದಿದರು. ನಾನು ಐದು ವರ್ಷ ಕೌನ್ಸಿಲಿನಲ್ಲಿ ಕೂತು ಓಣಿಗೆ ಒಂದು ಚರಂಡಿ ಮಾಡಿಸಿದೆ. ಚಂದ್ರಕಲಾ ಪ್ರತಿ ಮೀಟಿಂಗಿನಲ್ಲೂ ಎದ್ದು ನಿಂತು ನೀರು, ಚರಂಡಿ ಕೇಳುತ್ತಿದ್ದಳು. ಅವಳ ಓಣಿಗೆ ಎರಡೂ ಆಗಲಿಲ್ಲ. ಅವಳ ಅಪ್ಪ ತೀರಿಕೊಂಡಾಗ ಶಿವಕುಮಾರ ದೊಡ್ಡ ಹಾರ ತಂದಿದ್ದ. ಅಂಗಳದ ಜಂಬಖಾನೆಯ ಮೇಲೆ ಅವಳ ಪಕ್ಕದಲ್ಲೇ ತುಂಬ ಹೊತ್ತು ಕೂತಿದ್ದ. ಮನುಷ್ಯನನ್ನು ಇಂಥವನೇ ಎಂದು ಒಂದೇ ಸಲಕ್ಕೆ ತೀರ್ಮಾನಿಸಲು ನನಗೆ ಅಂದಿನಿಂದ ಆಗಿಲ್ಲ.

ಈಗ ಈ ಫ್ಲೆಕ್ಸು. ಮನಸ್ಸು ತಡೆಯದೆ ಹತ್ತು ಗಂಟೆಯ ಹೊತ್ತಿಗೆ ಚಂದ್ರಕಲಾಳ ಮನೆಗೆ ಹೋದೆ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಒಳಗೆ ಬಾ ಎನ್ನುವ ಮೊದಲೇ ಕೇಳಿದೆ:

"ಆತನ ಪಾರ್ಟಿಗಿ ಯಾಕ ಹೋದಿ?"

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಇಷ್ಟು ವರ್ಷ ಆ ಕಡೆ ನಿಂತು ಒದರಿದೆ. ನಮ್ಮ ಓಣಿಗೆ ನೀರು ಬರ್ಲಿಲ್ಲ. ಆತ ಪೈಪ್ ಹಾಕಸ್ತೀನಿ ಅಂದಾನ."

"ಹಾಕಸ್ಯಾನೇನು?"

"ಇನ್ನಾ ಇಲ್ಲ."

ಇಬ್ಬರೂ ಬಾಗಿಲಲ್ಲೇ ನಿಂತಿದ್ದೆವು. ಅವಳನ್ನು ಬೈಯಬೇಕೆಂದು ಬಂದಿದ್ದೆ. ದಾರಿಯಲ್ಲಿ ಮಾತುಗಳನ್ನೂ ಜೋಡಿಸಿಕೊಂಡಿದ್ದೆ. ಅವಳ ಹಿಂದೆ ಅಡುಗೆಮನೆಯಲ್ಲಿ ಸಾಲಾಗಿ ಇಟ್ಟ ನೀರಿನ ಕೊಡಗಳು ಕಂಡವು. ಬೇಸಿಗೆ ಇನ್ನೂ ಬಂದಿರಲಿಲ್ಲ.

"ನಮ್ಮ ಓಣ್ಯಾಗ ಮಂದಿ ಮತ್ತ ನಿಲ್ಲು ಅನ್ನಾಕತ್ಯಾರ," ಎಂದೆ. "ಒಂದ್ ವಾರದಿಂದ ಬ್ಯಾಡ, ಬ್ಯಾಡ ಅಂತಿದ್ದೆ."

"ಈಗೇನಂತಿ?"

"ನಿಲ್ತೀನಿ. ಎದ್ದು ನಿಂತು ಕೇಳಾಕ ಒಬ್ರಾದ್ರೂ ಬೇಕು."

ಚಂದ್ರಕಲಾ ನನ್ನ ಮುಖವನ್ನೇ ನೋಡಿದಳು. "ನಿನ್ನ ವಿರುದ್ಧ ಪ್ರಚಾರ ಮಾಡು ಅಂತ ನನಗೇ ಹೇಳ್ತಾರ ನೋಡು."

"ಮಾಡು. ನಮ್ಮ ಓಣಿಗೆ ಬಂದಾಗ ಮನಿಗೆ ಬಂದು ಊಟ ಮಾಡ್ಕೊಂಡು ಹೋಗು."

ಅವಳು ನಗಲು ಹೋದಳು, ಆಗಲಿಲ್ಲ. "ಈಗ ಒಳಗ ಬಾ, ರೊಟ್ಟಿ ಬಿಸಿ ಅದಾವ," ಎಂದು ನನ್ನ ಮೊಣಕೈ ಹಿಡಿದಳು. ಹೋದೆ. ಎಷ್ಟೋ ಹೊತ್ತು ಕೂತೆ. ರಾಜಕೀಯದ ಮಾತು ಮತ್ತೆ ಬರಲಿಲ್ಲ.

ಮನೆಗೆ ಬಂದಾಗ ಗಂಡ ಕಿಟಕಿಯಂಗಡಿಯಲ್ಲಿ ಯಾರಿಗೋ ಕೆಮ್ಮಿನ ಔಷಧ ಕೊಡುತ್ತಿದ್ದರು. ಗಿರಾಕಿ ಹೋಗುವವರೆಗೆ ಕಾದು, ನಾಳೆ ನಾಮಪತ್ರ ಹಾಕುವುದಾಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಬೀರುಗಳನ್ನೂ ಗೋಡೆಯನ್ನೂ ಒಮ್ಮೆ ನೋಡಿದರು.

"ಹಾಕು," ಎಂದರು. "ಈ ಸಲ ಅಂಗಡಿ ನಮ್ಮ ಮನ್ಯಾಗೇ ಅದ."