ಡೈರೆಕ್ಟರ್ ಭಾವನ ಜಾಮೀನು

ನಮ್ಮ ಅಕ್ಕನ ಗಂಡನದು ಕ್ಷೌರದ ಅಂಗಡಿ. ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಯಾರು ಏನು ಕೇಳಿದರೂ "ಆಗ್ಲಿ ಬಿಡಿ" ಎನ್ನುವ ಬಾಯಿ. ಆ ಬಾಯಿಯೇ ಅವರನ್ನು ಡೈರೆಕ್ಟರ್ ಮಾಡಿತು. ದಿನಾ ಗಡ್ಡಕ್ಕೆ ಬರುತ್ತಿದ್ದ ಸಾಹುಕಾರನೊಬ್ಬ, "ಕಂಪನಿ ಶುರು ಮಾಡೋಕೆ ಇಬ್ಬರು ಬೇಕಂತೆ, ಒಂದು ಸಹಿ ಹಾಕು" ಎಂದ. ಭಾವ ಕೈಯ ನೊರೆ ಒರೆಸಿಕೊಂಡು ಹಾಕಿಕೊಟ್ಟರು. ಕಂಪನಿಯ ವಿಳಾಸವೂ ಅಂಗಡಿಯದೇ ಆಯಿತು. ಅಂದಿನಿಂದ ಬೀದಿಗೆಲ್ಲ ಅವರು 'ಡೈರೆಕ್ಟರ್'. ನಾನೂ ಹಾಗೇ ರೇಗಿಸುತ್ತಿದ್ದೆ. ಅವರಿಗೆ ಒಳಗೊಳಗೇ ಖುಷಿ.

ಆಮೇಲೆ ತೆರಿಗೆ ಇಲಾಖೆಯ ಪತ್ರಗಳು ಬರತೊಡಗಿದವು. ಮೊದಲನೆಯದನ್ನು ಭಾವ ಸಾಹುಕಾರನಿಗೆ ತೋರಿಸಿದರು. "ಮಾಮೂಲಿ ಕಾಗದ, ಬಿಸಾಕು" ಎಂದನಂತೆ. ಕ್ಷೌರದವರು ಕಾಗದ ಸುಮ್ಮನೆ ಬಿಸಾಕುವುದುಂಟೇ? ಕತ್ತಿಯ ನೊರೆ ಒರೆಸಲು ತುಂಡು ಮಾಡಿ ಇಟ್ಟುಕೊಂಡರು. ಸಹಿ ಮಾಡಿ ಪಡೆದ ನೋಟಿಸು, ಕೋರ್ಟಿನ ಸಮನ್ಸು, ಎಲ್ಲವೂ ಯಾರ್ಯಾರದೋ ಗಡ್ಡದ ಜೊತೆ ಕಸದ ಬುಟ್ಟಿ ಸೇರಿದವು.

ಕಂಪನಿ ತೆರಿಗೆ ರಿಟರ್ನ್ಸ್ ಸಲ್ಲಿಸಿಲ್ಲ, ಸಮನ್ಸಿಗೂ ಯಾರೂ ಹಾಜರಾಗಿಲ್ಲವೆಂದು ಪೊಲೀಸರು ವಾರಂಟ್ ಹಿಡಿದು ಬರುವ ಹೊತ್ತಿಗೆ ಸಾಹುಕಾರ ನಾಪತ್ತೆ. ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಭಾವ ಜೀಪು ಹತ್ತಿದರು.

ಜಾಮೀನಿಗೆ ನಿಂತವನು ನಾನು. ಮನೆಪತ್ರ ಚೀಲದಲ್ಲಿತ್ತು, ಜೀವ ಕೈಯಲ್ಲಿತ್ತು. ಕೋರ್ಟಿನ ಬೆಂಚಿನಲ್ಲಿ ಅಕ್ಕ ನನ್ನ ತೋಳು ಬಿಡಲೇ ಇಲ್ಲ. ಇವತ್ತು ಭಾವ ಮನೆಗೆ ಬರುತ್ತಾರೋ ಜೈಲಿಗೆ ಹೋಗುತ್ತಾರೋ, ದೇವರಿಗೇ ಗೊತ್ತು. "ಯಾವ ನೋಟಿಸೂ ಬಂದಿಲ್ಲ ಅನ್ನಿ, ಅಷ್ಟೇ" ಎಂದು ನಮ್ಮ ವಕೀಲರು ಅವರಿಗೆ ಮತ್ತೆ ಮತ್ತೆ ಹೇಳಿಕೊಟ್ಟಿದ್ದರು. ಆದರೆ ಸರ್ಕಾರಿ ವಕೀಲರು ಅಂಚೆಯ ರಸೀದಿಗಳನ್ನು ಎತ್ತಿ ಹಿಡಿದರು. "ಎಲ್ಲದಕ್ಕೂ ಇವರದೇ ಸಹಿ. ಬಿಟ್ರೆ ಇವರೂ ಪರಾರಿ!"

ನ್ಯಾಯಾಧೀಶರು ಭಾವನ ಕಡೆ ತಿರುಗಿದರು. "ಸಹಿ ನಿಮ್ಮದೇನಾ?"

"ಹೌದು ಸ್ವಾಮಿ."

"ಮತ್ತೆ ಕಾಗದ ಏನ್ ಮಾಡಿದ್ರಿ?"

ನಮ್ಮ ವಕೀಲರು ಹಣೆ ಹಿಡಿದುಕೊಂಡರು. ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತಾರೆ, ನಿಜ ಹೇಳಿದರೆ ಕೋರ್ಟಿಗೇ ಅವಮಾನ. ಅತ್ತ ದರಿ, ಇತ್ತ ಪುಲಿ.

"ನೊರೆ ಒರೆಸ್ದೆ ಸ್ವಾಮಿ," ಎಂದರು ಭಾವ. "ನಂಗೆ ಓದೋಕೆ ಬರಲ್ಲ. ಬಿಸಾಕು ಅಂದ್ರು. ಹಾಳು ಮಾಡೋದ್ಯಾಕೆ ಅಂತ..."

ಯಾರೂ ನಗಲಿಲ್ಲ. ನ್ಯಾಯಾಧೀಶರು ಕಟಕಟೆಯ ಮೇಲೆ ಊರಿದ್ದ ಭಾವನ ಕೈಗಳನ್ನೇ ನೋಡಿದರು.

"ಅಂಗಡಿ ಇನ್ನೂ ಇದೆಯಾ?"

"ಇದೆ ಸ್ವಾಮಿ. ಒಬ್ಬರ ಅರ್ಧ ಗಡ್ಡ ಬಾಕಿ ಇದೆ."

ಜಾಮೀನು ಸಿಕ್ಕಿತು. "ಇನ್ನು ಯಾವ ಕಾಗದ ಬಂದ್ರೂ ಓದಿಸ್ಕೊಳ್ಳಿ. ಒಂದು ಸಲ ಕೋರ್ಟಿಗೆ ಬರೋದು ತಪ್ಪಿಸಿದ್ರೂ ಒಳಗೆ ಹಾಕ್ತೀನಿ" ಎಂದರು ನ್ಯಾಯಾಧೀಶರು. ಅಕ್ಕ ಅಲ್ಲೇ ಅತ್ತಳು.

ಕೇಸು ಇನ್ನೂ ನಡೆಯುತ್ತಿದೆ. ಭಾವನನ್ನು ಈಗ ಯಾರೂ ಡೈರೆಕ್ಟರ್ ಎನ್ನುವುದಿಲ್ಲ. ಮೊನ್ನೆ ಗಡ್ಡಕ್ಕೆಂದು ಹೋದೆ. ಹಳೆ ಪೇಪರಿನ ಕಟ್ಟು ಮೂಲೆಯಲ್ಲೇ ಬಿದ್ದಿತ್ತು, ಭಾವ ನೊರೆಯನ್ನು ತಮ್ಮ ಎಡಗೈಗೇ ಒರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಯಾರೋ ಬಾಗಿಲಲ್ಲಿ ಒಂದು ಕರಪತ್ರ ಎಸೆದು ಹೋದರು. ಕತ್ತಿ ನನ್ನ ಕೆನ್ನೆಯ ಮೇಲೇ ನಿಂತಿತು.

"ಅದೇನು, ಓದು."

ಎದ್ದು ತಂದು ಓದಿದೆ. "ಹಳೆ ಸೋಫಾ ರಿಪೇರಿ ಮಾಡ್ತಾರಂತೆ ಭಾವ, ಅಷ್ಟೇ."

"ಸಹಿ ಗಿಹಿ ಕೇಳಿದಾರಾ?"

"ಇಲ್ಲ."

"ಇನ್ನೊಂದ್ಸಲ ಓದು," ಎಂದರು.